ಲೈಸೆನ್ಸ್ ಅಂದರೆ ಹಕ್ಕಲ್ಲ, ಷರತ್ತು
ಮದ್ಯದಂಗಡಿಯ ಬೋರ್ಡು, ಆಫರು, ಹಾಡು-ಕುಣಿತದ ನಿಯಮಗಳನ್ನು ತಿಳಿಯೋಣ



ಬಳ್ಳಾರಿ ನಗರದ ವಾರ್ಡುಗಳಲ್ಲಿ, ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ಸಭೆ ನಡೆಸಿದಾಗ ಉಳಿತಾಯ, ಸಾಲದ ಮಾತು ಮುಗಿಯುತ್ತಲೇ ಕುಡಿತದ ಮಾತು ಶುರುವಾಗುತ್ತದೆ. "ಸಿಸ್ಟರ್, ಸರ್ಕಾರನೇ ಲೈಸೆನ್ಸ್ ಕೊಟ್ಟೈತಿ, ನಾವೇನ್ ಮಾಡಾಕಾಗತೈತ್ರಿ?" ಎಂದು ಕೇಳಿ ಅಕ್ಕಂದಿರು ಸುಮ್ಮನಾಗುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ತಿಂಗಳ ನಮ್ಮ ಪಾಠ.

ಲೈಸೆನ್ಸ್ ಇದೆ ಅನ್ನುವಲ್ಲಿಗೆ ಮಾತು ಮುಗಿಯುವುದಿಲ್ಲ. ಅಲ್ಲಿಂದಲೇ ಮಾತು ಶುರುವಾಗಬೇಕು. ಯಾಕೆಂದರೆ ಪ್ರತಿಯೊಂದು ಲೈಸೆನ್ಸಿನ ಜೊತೆಗೂ ಷರತ್ತುಗಳು ಇರುತ್ತವೆ. ಯಾರಿಗೆ ಮಾರಬೇಕು, ಎಲ್ಲಿ ಕುಡಿಸಬಹುದು, ಎಷ್ಟು ಹೊತ್ತಿನ ತನಕ ತೆರೆದಿರಬಹುದು, ಹಾಡು-ವಾದ್ಯ ಇಡಬಹುದೇ ಎಂಬುದಕ್ಕೆಲ್ಲಾ ನಿಯಮ ಇದೆ. ಆ ಷರತ್ತು ನಮಗೆ ಗೊತ್ತಿಲ್ಲದಿದ್ದರೆ ಅದು ಕಚೇರಿಯ ಕಪಾಟಿನಲ್ಲೇ ಉಳಿಯುತ್ತದೆ.

1. ಲೈಸೆನ್ಸ್ ಅಂದರೇನು?

ನಮ್ಮ ಜಿಲ್ಲೆಯ ಹಳೇ ಕಥೆ ಸ್ವಲ್ಪ ನೆನಪು ಮಾಡಿಕೊಳ್ಳೋಣ. 1953ರ ಅಕ್ಟೋಬರ್ 1ರ ತನಕ ಬಳ್ಳಾರಿ, ಸಿರುಗುಪ್ಪ ಇದ್ದದ್ದು ಮದ್ರಾಸ್ ರಾಜ್ಯದಲ್ಲಿ. ಮದ್ರಾಸಿನಲ್ಲಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಶುರುವಾದ ಪಾನನಿರೋಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಅಂದರೆ ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲಿ ಈ ಊರುಗಳಲ್ಲಿ ಮದ್ಯದ ಅಂಗಡಿಗೆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಆಮೇಲೆ ನಿಷೇಧ ಹೋಗಿ ಲೈಸೆನ್ಸ್ ಪದ್ಧತಿ ಬಂತು. ಈಗಿನ ವ್ಯವಸ್ಥೆಗೆ ಆಧಾರ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಕೆಳಗೆ 1967ರ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮ, 1968ರ ಭಾರತೀಯ ಮತ್ತು ವಿದೇಶಿ ಮದ್ಯ ಮಾರಾಟ ನಿಯಮ ಎಂದು ಹಲವು ನಿಯಮಗಳಿವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೆ ಬಾಟಲಿ ಮದ್ಯ ಉಳಿಯಿತು.

ನಮ್ಮ ಸಂವಿಧಾನದ 47ನೇ ವಿಧಿ, ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಖೋಡೇ ಡಿಸ್ಟಿಲರೀಸ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತನ್ನು ಸ್ಪಷ್ಟ ಮಾಡಿತು. ಮದ್ಯದ ವ್ಯಾಪಾರ ಯಾವ ನಾಗರಿಕನ ಮೂಲಭೂತ ಹಕ್ಕೂ ಅಲ್ಲ. ಸರ್ಕಾರ ಅದನ್ನು ಪೂರ್ತಿ ನಿಷೇಧಿಸಬಹುದು ಅಥವಾ ಷರತ್ತು ಹಾಕಿ ಬಿಡಬಹುದು. ಷರತ್ತು ಮುರಿದರೆ ಲೈಸೆನ್ಸನ್ನು ಅಮಾನತು ಮಾಡುವ, ರದ್ದು ಮಾಡುವ ಅಧಿಕಾರ ಅಬಕಾರಿ ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿದೆ.

ಆದ್ದರಿಂದ "ಲೈಸೆನ್ಸ್ ಐತಿ" ಎಂದು ಯಾರಾದರೂ ಹೇಳಿದರೆ ನಾವು ಕೇಳಬೇಕಾದ ಎರಡನೇ ಪ್ರಶ್ನೆ: "ಯಾವ ಲೈಸೆನ್ಸ್? ಅದರ ಷರತ್ತು ಪಾಲಿಸ್ತಾ ಇದ್ದೀರಾ?"

2. ಯಾವ ಅಂಗಡಿಗೆ ಯಾವ ಲೈಸೆನ್ಸ್?

ಬೋರ್ಡಿನ ಮೇಲೆ 'ಸಿಎಲ್' ಎಂಬ ಅಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತದೆ. ಅದನ್ನು ಓದಲು ಕಲಿಯೋಣ.

ಸಿಎಲ್-2: ನಾವು ವೈನ್ ಶಾಪ್ ಅನ್ನುವುದು ಇದಕ್ಕೆ. ಬಾಟಲಿ ಕೊಂಡು ಹೋಗಬೇಕು. ಅಲ್ಲೇ ನಿಂತು ಕುಡಿಯುವಂತಿಲ್ಲ, ಅಂಗಡಿಯವರು ಕುಡಿಯಲು ಅನುಕೂಲ ಮಾಡಿಕೊಡುವಂತಿಲ್ಲ.
ಸಿಎಲ್-4: ಕ್ಲಬ್ಬುಗಳಿಗೆ.
ಸಿಎಲ್-5: ಒಂದು ಸಮಾರಂಭಕ್ಕೆ ಮಾತ್ರ ಕೊಡುವ ತಾತ್ಕಾಲಿಕ ಲೈಸೆನ್ಸ್.
ಸಿಎಲ್-7: ವಸತಿ ಇರುವ ಹೋಟೆಲ್, ಲಾಡ್ಜುಗಳಿಗೆ.
ಸಿಎಲ್-9: ಬಾರ್ ಅಂಡ್ ರೆಸ್ಟೋರೆಂಟ್. ಇಲ್ಲಿ ಕೂತು ಕುಡಿಯಬಹುದು.
ಸಿಎಲ್-11ಸಿ: ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಮಳಿಗೆಗಳಿಗೆ.

ಇದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಸಿಎಲ್-2 ಅಂಗಡಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನೀರಿನ ಪಾಕೀಟು, ಗ್ಲಾಸು, ಮಿರ್ಚಿ ಇದ್ದರೆ ಅದು ವೈನ್ ಶಾಪಾಗಿ ಉಳಿದಿಲ್ಲ, ಬಾರಿನ ಲೈಸೆನ್ಸ್ ಇಲ್ಲದೆ ಬಾರ್ ಆಗಿದೆ ಎಂದು ಅರ್ಥ. ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ಪೌಚ್ ಸಿಗುತ್ತಿದ್ದರೆ ಅಲ್ಲಿ ಲೈಸೆನ್ಸೇ ಇಲ್ಲ. ಅದು ನೇರವಾಗಿ ಅಪರಾಧ. ಎರಡಕ್ಕೂ ದೂರು ಬರೆಯುವ ರೀತಿ ಬೇರೆ ಬೇರೆ, ಅದಕ್ಕೇ ಈ ವ್ಯತ್ಯಾಸ ತಿಳಿದಿರಬೇಕು.

3. ಜಾಹೀರಾತು ಮತ್ತು ಆಫರು

ಕುಡಿತ ಬರೀ ಮನುಷ್ಯನ ದೌರ್ಬಲ್ಯ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ದೌರ್ಬಲ್ಯವನ್ನು ಕರೆದು ಕೂರಿಸುವ ವ್ಯಾಪಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ 26 ಲಕ್ಷ ಜನ ಮದ್ಯದ ಕಾರಣದಿಂದ ತೀರಿಕೊಂಡರು. ಇದನ್ನು ತಗ್ಗಿಸಲು ಆ ಸಂಸ್ಥೆ ಹೇಳುವ ಮುಖ್ಯ ದಾರಿಗಳಲ್ಲಿ ಮೂರು ಇವು: ಬೆಲೆ ಅಗ್ಗವಾಗದಂತೆ ನೋಡುವುದು, ಸಿಗುವ ಜಾಗ ಮತ್ತು ಸಮಯಕ್ಕೆ ಮಿತಿ ಹಾಕುವುದು, ಜಾಹೀರಾತು ಮತ್ತು ಆಮಿಷಗಳಿಗೆ ತಡೆ ಹಾಕುವುದು.

ನಮ್ಮ ದೇಶದಲ್ಲಿ ಈ ಬಗ್ಗೆ ಏನಿದೆ?

ಟಿ.ವಿ.: ಕೇಬಲ್ ಟೆಲಿವಿಷನ್ ನಿಯಮ (1994) ಪ್ರಕಾರ ಮದ್ಯದ ಜಾಹೀರಾತನ್ನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ತೋರಿಸುವಂತಿಲ್ಲ. ಈ ನಿರ್ಬಂಧ ಬಂದದ್ದು 2000ನೇ ಇಸವಿಯಲ್ಲಿ. ಆಗಿನಿಂದ ಕಂಪನಿಗಳು ಅದೇ ಹೆಸರಿನ ಸೋಡಾ, ಕುಡಿಯುವ ನೀರು, ಹಾಡಿನ ಸಿ.ಡಿ. ತೋರಿಸಲು ಶುರು ಮಾಡಿದವು. ಸೋಡಾ ನೋಡಿದವನಿಗೆ ಬಾಟಲಿ ನೆನಪಾಗುತ್ತದೆ ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂತಹ ವೇಷ ಹಾಕಿದ ಜಾಹೀರಾತನ್ನೂ ನಿಷೇಧಿಸಿದೆ.

ಹೆದ್ದಾರಿ ಬೋರ್ಡು: ಅಪಘಾತಗಳ ಕಾರಣಕ್ಕೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಒಂದು ದೊಡ್ಡ ಆದೇಶ ಕೊಟ್ಟಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು, ಹೆದ್ದಾರಿಗೆ ಅದು ಕಾಣಿಸಬಾರದು, ಮದ್ಯ ಇಲ್ಲಿ ಸಿಗುತ್ತದೆ ಎನ್ನುವ ಫಲಕ, ಜಾಹೀರಾತು ಹೆದ್ದಾರಿಯಲ್ಲಿ ಇರಬಾರದು ಎಂಬುದು ಅದರ ಸಾರ. 2017ರ ಮಾರ್ಚ್ 31ರಂದು, 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ದೂರವನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷ ಜುಲೈನಲ್ಲಿ, ನಗರಾಡಳಿತದ ಮಿತಿಯೊಳಗಿನ ಅಂಗಡಿಗಳಿಗೆ ಈ ದೂರದ ನಿರ್ಬಂಧ ಇಲ್ಲ ಎಂದು ವಿವರಣೆ ಕೊಟ್ಟಿತು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ಆದ್ದರಿಂದ ಊರು ದಾಟಿದ ಮೇಲೆ ಆ ರಸ್ತೆ ಬದಿಯಲ್ಲಿ ದೀಪ ಹಾಕಿದ ದೊಡ್ಡ ಬೋರ್ಡು ಕಂಡರೆ ಅದರ ಬಗ್ಗೆ ಕೇಳುವ ಅಧಿಕಾರ ನಮಗಿದೆ.

ಒಂದಕ್ಕೊಂದು ಫ್ರೀ: ಆಫರಿನ ಬಲ ಎಷ್ಟು ಎಂಬುದನ್ನು ದೆಹಲಿ ನೋಡಿತು. ಅಲ್ಲಿ 2021ರ ನವೆಂಬರ್‌ನಲ್ಲಿ ಹೊಸ ಅಬಕಾರಿ ನೀತಿ ಬಂದು, ಖಾಸಗಿ ಅಂಗಡಿಗಳು ರಿಯಾಯಿತಿ ಪೈಪೋಟಿಗೆ ಇಳಿದವು. ಒಂದು ಬಾಟಲಿ ಕೊಂಡರೆ ಇನ್ನೊಂದು ಉಚಿತ ಎಂದರು. ಅಂಗಡಿಗಳ ಮುಂದೆ ನೂಕುನುಗ್ಗಲಾಯಿತು. 2022ರ ಫೆಬ್ರವರಿ 28ರಂದು ಅಲ್ಲಿನ ಅಬಕಾರಿ ಇಲಾಖೆಯೇ ರಿಯಾಯಿತಿ ನಿಲ್ಲಿಸಿ ಎಂದು ಆದೇಶ ಹೊರಡಿಸಿತು. ಏಪ್ರಿಲ್‌ನಲ್ಲಿ ಶೇಕಡಾ 25ರ ತನಕ ಮಾತ್ರ ಬಿಟ್ಟಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಆ ನೀತಿಯೇ ಹೋಯಿತು.

ಎಷ್ಟೋ ಮಿಷನರಿಗಳನ್ನು ನಮ್ಮ ದೇಶಕ್ಕೆ ಕಳಿಸಿದ ಕಥೋಲಿಕ ನಾಡು ಐರ್ಲೆಂಡ್. ಅಲ್ಲಿ ಸಂಜೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯ ತನಕ ಮದ್ಯ ಅಗ್ಗ ಎನ್ನುವ 'ಹ್ಯಾಪಿ ಅವರ್' ಪದ್ಧತಿಯನ್ನು 2003ರಲ್ಲೇ ನಿಲ್ಲಿಸಿದರು. ಸ್ಕಾಟ್ಲೆಂಡಿನಲ್ಲಿ 2011ರಿಂದ, ಹೆಚ್ಚು ಬಾಟಲಿ ಕೊಂಡರೆ ಬೆಲೆ ಕಡಿಮೆ ಎನ್ನುವ ಆಫರನ್ನು ಅಂಗಡಿಗಳಲ್ಲಿ ನಿಷೇಧಿಸಿದರು. ಅಲ್ಲೂ ಮದ್ಯ ನಿಷೇಧ ಇಲ್ಲ. ಆದರೆ ಮಾರುವುದು ಬೇರೆ, ಜಾಸ್ತಿ ಕುಡಿಯುವಂತೆ ಪುಸಲಾಯಿಸುವುದು ಬೇರೆ ಎಂಬ ವ್ಯತ್ಯಾಸವನ್ನು ಕಾನೂನು ಮಾಡಿದೆ.

ನಮ್ಮ ಊರಿನ ಆಫರು ಪೇಪರಿನಲ್ಲಿ ಬರುವುದಿಲ್ಲ. ಅದರ ರೂಪ ಬೇರೆ. 90 ಮಿಲಿಯ ಸಣ್ಣ ಪ್ಯಾಕೆಟ್ಟು ಮೊದಲನೆಯದು. ದೊಡ್ಡ ಬಾಟಲಿಗೆ ದುಡ್ಡಿಲ್ಲದವನ ಜೇಬಿಗೂ ಅದು ಎಟಕುತ್ತದೆ. ಎರಡನೆಯದು ಉದ್ರಿ. ಜೀನ್ಸ್ ಹೊಲಿಯುವ ಘಟಕದಲ್ಲಿ ಶನಿವಾರ ಬಟವಾಡೆ, ಭತ್ತದ ಕೊಯ್ಲಿನಲ್ಲಿ ಕೆಲಸ ಮುಗಿದ ದಿನ ಕೂಲಿ. ಆ ಕೂಲಿಯನ್ನು ಅಂಗಡಿಯ ಉದ್ರಿ ಲೆಕ್ಕ ಮೊದಲೇ ನುಂಗಿರುತ್ತದೆ. ಮನೆಗೆ ಬರುವುದು ಉಳಿದದ್ದು. ಹೆಂಡತಿ ಸಂಘದ ಕಂತು ಕಟ್ಟಲು ಕೈಯೊಡ್ಡಿದಾಗ ಜಗಳ ಆಗುವುದು ಇಲ್ಲೇ.

4. ಹಾಡು, ಕುಣಿತ, ಮ್ಯಾಚು

ಬಾರಿನಲ್ಲಿ ಊಟ, ಮದ್ಯ ಕೊಡಲು ಲೈಸೆನ್ಸ್ ಇದ್ದ ಮಾತ್ರಕ್ಕೆ ಮನರಂಜನೆಗೂ ಅನುಮತಿ ಸಿಕ್ಕಿತು ಎಂದಲ್ಲ. ಬೆಂಗಳೂರು ನಗರದಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ನಡೆಸಲು ಪೊಲೀಸರಿಂದ ಬೇರೆ ಲೈಸೆನ್ಸ್ ಪಡೆಯಬೇಕು ಎಂದು 2005ರಲ್ಲಿ ಆದೇಶ ಬಂತು. ಲೈವ್ ಬ್ಯಾಂಡ್ ರೆಸ್ಟೋರೆಂಟುಗಳ ಸಂಘ ಕೋರ್ಟಿಗೆ ಹೋಯಿತು. 2018ರ ಜನವರಿ 25ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆ ಆದೇಶ ಬೆಂಗಳೂರಿಗೆ ಮಾತ್ರ. ಆದರೆ ಅದು ನಿಂತಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಸೆಕ್ಷನ್ ಮೇಲೆ. ಅದೇ ಸೆಕ್ಷನ್ ನಮ್ಮಂತಹ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ನಿಯಮ ಮಾಡುವ ಅಧಿಕಾರ ಕೊಡುತ್ತದೆ.

ಶಬ್ದ: 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಾಸದ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಶಾಲೆ, ಆಸ್ಪತ್ರೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಎಸ್ಸೆಸ್ಸೆಲ್ಸಿ ಓದುವ ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕಾಗಿಲ್ಲ. ದೂರು ಕೊಡಲು ಈ ನಿಯಮ ಇದೆ.

ಬೆಟ್ಟಿಂಗ್: ದೊಡ್ಡ ಪರದೆಯ ಮೇಲೆ ಕ್ರಿಕೆಟ್ ತೋರಿಸುವುದು ತಪ್ಪಲ್ಲ. ಆದರೆ ಟೇಬಲ್ ಮೇಲೆ ಪಂದ್ಯಕ್ಕೆ ದುಡ್ಡು ಕಟ್ಟುವುದು ಪೊಲೀಸ್ ಕಾಯ್ದೆಯಲ್ಲಿ ಅಪರಾಧ. ಮದ್ಯ ಮತ್ತು ಬೆಟ್ಟಿಂಗ್ ಸೇರಿದರೆ ಮನೆಯ ಪತ್ರ, ಕೊರಳ ತಾಳಿ ಎರಡೂ ಅಡವಿಗೆ ಹೋಗುತ್ತವೆ.

ಕೆಲಸದ ಹೆಣ್ಣುಮಕ್ಕಳು: ಇಲ್ಲಿ ನಾವು ಬಹಳ ಎಚ್ಚರದಿಂದ ಮಾತಾಡಬೇಕು. ಬಾರಿನಲ್ಲಿ ಹಾಡುವ, ಬಡಿಸುವ, ಪಾತ್ರೆ ತೊಳೆಯುವ ಹೆಣ್ಣುಮಗಳು ನಮ್ಮ ಶತ್ರುವಲ್ಲ. ದೆಹಲಿಯಲ್ಲಿ ಹೆಂಗಸರು ಮದ್ಯ ಬಡಿಸುವ ಕಡೆ ಕೆಲಸ ಮಾಡಬಾರದು ಎಂಬ ಹಳೇ ನಿಯಮವನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಕ್ಷಣೆಯ ಹೆಸರಲ್ಲಿ ಹೆಣ್ಣಿನ ದುಡಿಮೆ ಕಿತ್ತುಕೊಳ್ಳುವುದು ನ್ಯಾಯವಲ್ಲ ಎಂಬುದು ಅದರ ತಿರುಳು. ಮಹಾರಾಷ್ಟ್ರ 2005ರಲ್ಲಿ ಡಾನ್ಸ್ ಬಾರ್ ನಿಷೇಧಿಸಿದಾಗ ಬೀದಿಗೆ ಬಿದ್ದವರೂ ಬಡ ಹೆಂಗಸರೇ. ಆ ನಿಷೇಧವನ್ನೂ 2013ರಲ್ಲಿ ಕೋರ್ಟ್ ಒಪ್ಪಲಿಲ್ಲ. ಮಾಲೀಕ ನಿಯಮ ಪಾಲಿಸಲಿ, ಕೆಲಸದವಳಿಗೆ ಸುರಕ್ಷತೆ, ಸಂಬಳ, ರಾತ್ರಿ ಮನೆ ಸೇರಲು ವಾಹನ ಸಿಗಲಿ ಎಂದು ಕೇಳುವುದು ನಮ್ಮ ದಾರಿ. ಆಕೆಯನ್ನು ಬೈಯುವುದು ನಮ್ಮ ದಾರಿಯಲ್ಲ.

5. ಮಕ್ಕಳು ಮತ್ತು ಅಂಗಡಿ

ಕಾಯ್ದೆಯಲ್ಲಿ 18 ವರ್ಷ ಎಂದೂ, 1967ರ ನಿಯಮದಲ್ಲಿ 21 ವರ್ಷ ಎಂದೂ ಇದೆ. 2023ರ ಜನವರಿಯಲ್ಲಿ ಸರ್ಕಾರ ನಿಯಮದಲ್ಲೂ 18 ಮಾಡಲು ಕರಡು ಹೊರಡಿಸಿ ಆಕ್ಷೇಪಣೆ ಕರೆಯಿತು. ಜನರ ವಿರೋಧ ಬಂದ ಮೇಲೆ ಅದೇ ತಿಂಗಳು ಆ ಪ್ರಸ್ತಾವ ಕೈಬಿಟ್ಟಿತು. ಆಕ್ಷೇಪಣೆ ಬರೆದರೆ ಏನೂ ಆಗುವುದಿಲ್ಲ ಎನ್ನುವವರಿಗೆ ಇದನ್ನು ಹೇಳಿರಿ.

ಇದಕ್ಕಿಂತ ಗಟ್ಟಿಯಾದದ್ದು 2015ರ ಬಾಲನ್ಯಾಯ ಕಾಯ್ದೆ. 18 ವರ್ಷದೊಳಗಿನ ಮಗುವಿಗೆ ಮದ್ಯ ಕೊಟ್ಟರೆ (77ನೇ ಸೆಕ್ಷನ್), ಮಗುವನ್ನು ಮದ್ಯ ಮಾರಲು, ಸಾಗಿಸಲು ಬಳಸಿದರೆ (78ನೇ ಸೆಕ್ಷನ್) 7 ವರ್ಷದ ತನಕ ಕಠಿಣ ಜೈಲು ಮತ್ತು 1 ಲಕ್ಷ ರೂಪಾಯಿ ತನಕ ದಂಡ. "ಹೋಗಪ್ಪಾ, ಒಂದು ಕ್ವಾರ್ಟರ್ ತಗೊಂಬಾ" ಎಂದು ಮಗನ ಕೈಗೆ ದುಡ್ಡು ಕೊಡುವ ಅಪ್ಪಂದಿರೂ, ಆ ಹುಡುಗನ ಕೈಗೆ ಬಾಟಲಿ ಕೊಡುವ ಅಂಗಡಿಯವರೂ ಇದನ್ನು ತಿಳಿದಿರಬೇಕು.

6. ಜಾಗ ಮತ್ತು ಮುಚ್ಚುವ ದಿನ

1967ರ ನಿಯಮದ ಪ್ರಕಾರ ಶಾಲೆ, ಆಸ್ಪತ್ರೆ, ಪ್ರಾರ್ಥನಾ ಮಂದಿರ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಹೊಸ ಅಂಗಡಿಗೆ ಲೈಸೆನ್ಸ್ ಕೊಡಬಾರದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಹೆಚ್ಚಾಗಿ ವಾಸಿಸುವ ಬಡಾವಣೆಯಲ್ಲೂ ಕೊಡಬಾರದು. ಕೆಲವು ವಿನಾಯ್ತಿಗಳಿವೆ. ಆದ್ದರಿಂದ ಅಂಗಡಿ ಮೊದಲು ಬಂತೋ, ಶಾಲೆ ಮೊದಲು ಬಂತೋ ಎಂಬುದನ್ನೂ ವಿಚಾರಿಸಿಕೊಳ್ಳಿ.

ಶಾಂತಿ ಕಾಪಾಡಲು ಅಗತ್ಯ ಕಂಡರೆ ಕೆಲವು ದಿನ ಅಂಗಡಿ ಮುಚ್ಚಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಗಣೇಶ ವಿಸರ್ಜನೆಯ ಸಮಯದಲ್ಲಿ ಇಂತಹ ಆದೇಶ ಪತ್ರಿಕೆಯಲ್ಲಿ ಓದಿರುತ್ತೀರಿ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂತಹ ಜನಜಂಗುಳಿಯ ದಿನಗಳಿಗೂ, ನಮ್ಮ ಧರ್ಮಕೇಂದ್ರಗಳ ಹಬ್ಬದ ಮೆರವಣಿಗೆಗೂ ಇದೇ ಮನವಿ ಮಾಡಬಹುದು. ಎಲ್ಲಾ ಧರ್ಮದ ಹಿರಿಯರು ಸೇರಿ ಸಹಿ ಹಾಕಿದರೆ ಮನವಿಗೆ ತೂಕ ಬರುತ್ತದೆ. ಚುನಾವಣೆಯಲ್ಲಿ ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ, ಹಂಚುವಂತಿಲ್ಲ. ಇದು 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಸಿ ಸೆಕ್ಷನ್.

7. ಹಾಗಾದರೆ ನಾವೇನು ಮಾಡೋಣ?

ಮೊದಲು ಒಂದು ಧೈರ್ಯದ ಮಾತು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ ಸಾಕ್ಷರತಾ ತರಗತಿಗೆ ಬಂದ ಬಡ ಹೆಂಗಸರು, ತಮ್ಮ ಪಾಠದ ಪುಸ್ತಕದಲ್ಲಿ ಸಾರಾಯಿಯ ಬಗ್ಗೆ ಓದಿ, ಚರ್ಚೆ ಮಾಡಿ, 1992ರಲ್ಲಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ರಾಜ್ಯಕ್ಕೆಲ್ಲಾ ಹಬ್ಬಿ 1993ರ ಅಕ್ಟೋಬರ್‌ನಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಬಂದ ಪೂರ್ಣ ಪಾನನಿಷೇಧ 1997ರಲ್ಲಿ ಸಡಿಲವಾಯಿತು ಎಂಬುದೂ ನಿಜ. ನಮ್ಮ ರಾಜ್ಯದಲ್ಲೂ 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳುತ್ತಾ ನಡೆದರು. ಪೂರ್ಣ ನಿಷೇಧ ಬೇಕೋ ಬೇಡವೋ ಎಂಬ ಚರ್ಚೆ ದೊಡ್ಡದು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷೆ ಇಟ್ಟಿದ್ದರು. ಇಷ್ಟು ದುಡ್ಡು ಬರುವ ಬಾಗಿಲನ್ನು ಸರ್ಕಾರ ಬೇಗ ಮುಚ್ಚುವುದಿಲ್ಲ. ಆದರೆ ಇದ್ದ ನಿಯಮ ಪಾಲಿಸಿ ಎಂದು ಕೇಳಲು ನಾವು ಆ ದಿನಕ್ಕಾಗಿ ಕಾಯಬೇಕಾಗಿಲ್ಲ.

ಹಂತ 1: ಸಂಘದ ಐದಾರು ಜನ ಸೇರಿ ಎರಡು ವಾರ ನೋಡಿರಿ. ದಿನಾಂಕ, ಹೊತ್ತು, ಕಂಡದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೇಳಿದ್ದನ್ನು ಬರೆಯಬೇಡಿ, ಕಂಡದ್ದನ್ನು ಮಾತ್ರ ಬರೆಯಿರಿ.

ಹಂತ 2: ಲೈಸೆನ್ಸಿನ ಪ್ರತಿ ಮತ್ತು ಷರತ್ತು, ಸಮಯ ಕೇಳಿ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು.

ಹಂತ 3: ದೂರು ಬರೆಯಿರಿ. ಮಾದರಿ ಹೀಗಿದೆ: "ನಮ್ಮ ವಾರ್ಡಿನ ಸಿಎಲ್-2 ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಈ ಕೆಳಗಿನ ದಿನಾಂಕಗಳಲ್ಲಿ ಜನ ಕೂತು ಕುಡಿಯುತ್ತಿದ್ದುದನ್ನು ನಾವು ಕಂಡಿದ್ದೇವೆ. ಇದು ಲೈಸೆನ್ಸಿನ ಷರತ್ತಿಗೆ ವಿರುದ್ಧ. ಸ್ಥಳ ತನಿಖೆ ಮಾಡಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ." ಪ್ರತಿಯನ್ನು ಜಿಲ್ಲಾಧಿಕಾರಿಗೂ ಪೊಲೀಸ್ ಠಾಣೆಗೂ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಬರಬೇಡಿ.

ಹಂತ 4: ಒಬ್ಬೊಬ್ಬರೇ ಹೋಗಬೇಡಿ. ಅಂಗಡಿಯ ಮುಂದೆ ಜಗಳ, ಬಾಟಲಿ ಒಡೆಯುವುದು ಬೇಡ. ಕೇಸು ನಮ್ಮ ಮೇಲೆಯೇ ಬೀಳುತ್ತದೆ. ಬೆದರಿಕೆ ಬಂದರೆ 112ಕ್ಕೆ, ಮನೆಯಲ್ಲಿ ಹೊಡೆತವಾದರೆ ಮಹಿಳಾ ಸಹಾಯವಾಣಿ 181ಕ್ಕೆ, ಮಕ್ಕಳ ವಿಷಯಕ್ಕೆ 1098ಕ್ಕೆ ಕರೆ ಮಾಡಿರಿ.

8. ಕುಡಿಯುವವರು ಯಾರು?

ನಮ್ಮ ಗಂಡ, ನಮ್ಮ ಅಣ್ಣ, ನಮ್ಮ ಮಗ. ಚಟಕ್ಕೆ ಬಿದ್ದವರಿಗೆ ಬೈಗುಳಕ್ಕಿಂತ ಚಿಕಿತ್ಸೆ ಬೇಕು. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416. ಎರಡೂ ಉಚಿತ. ಬಹಳ ವರ್ಷದಿಂದ ದಿನಾ ಕುಡಿಯುವವರು ವೈದ್ಯರನ್ನು ಕೇಳದೆ ಏಕಾಏಕಿ ಬಿಟ್ಟರೆ ಕೈನಡುಕ, ಫಿಟ್ಸ್ ಬಂದು ಜೀವಕ್ಕೆ ಅಪಾಯ ಆಗಬಹುದು. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.

ಪ್ರಭು ಯೇಸು ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಒದಗಿಸಿದರು. ದ್ರಾಕ್ಷಾರಸವೇ ಪಾಪ ಎಂದು ಧರ್ಮಸಭೆ ಹೇಳುವುದಿಲ್ಲ. ಆದರೆ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2290ನೇ ಅಂಶ ಎಲ್ಲಾ ಅತಿಯನ್ನೂ ಬಿಡಬೇಕೆಂದು ಕಲಿಸುತ್ತದೆ. ಕುಡಿದು ವಾಹನ ನಡೆಸಿ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವುದು ಗಂಭೀರ ಅಪರಾಧ ಎನ್ನುತ್ತದೆ. ಅಂಗಡಿಯವನ ಆಫರನ್ನು ಪ್ರಶ್ನಿಸುವ ನಾವು ನಮ್ಮ ಮದುವೆ, ನಾಮಕರಣ, ಹಬ್ಬದ ಊಟದಲ್ಲಿ "ಇನ್ನೊಂದು ಹಾಕ್ರಿ" ಎಂದು ಒತ್ತಾಯ ಮಾಡುವುದನ್ನೂ ಬಿಡಬೇಕು. ಅದೂ ಒಂದು ಆಫರೇ.

ಸಭೆಯಲ್ಲಿ ಚರ್ಚೆಗೆ ಪ್ರಶ್ನೆಗಳು

1. ನಮ್ಮ ವಾರ್ಡಿನಲ್ಲಿ ಅಥವಾ ಹಳ್ಳಿಯಲ್ಲಿ ಮದ್ಯ ಸಿಗುವ ಜಾಗ ಎಷ್ಟು? ಅವುಗಳಲ್ಲಿ ಲೈಸೆನ್ಸ್ ಇರುವುದು ಎಷ್ಟಕ್ಕೆ? ಯಾವ ಸಿಎಲ್?
2. ಕಳೆದ ತಿಂಗಳು ನಮ್ಮ ಮನೆಗೆ ಬಂದ ಕೂಲಿಯಲ್ಲಿ ಉದ್ರಿಗೆ ಹೋದದ್ದೆಷ್ಟು?
3. ಮಕ್ಕಳ ಕೈಯಲ್ಲಿ ಮದ್ಯ ತರಿಸುವುದನ್ನು ನಿಲ್ಲಿಸಲು ನಮ್ಮ ಓಣಿಯಲ್ಲಿ ಏನು ಮಾಡಬಹುದು?
4. ಈ ಪಾಠದಲ್ಲಿ ಕಲಿತ ಯಾವ ಒಂದು ನಿಯಮದ ಮೇಲೆ ನಮ್ಮ ಸಂಘ ಮೊದಲ ಅರ್ಜಿ ಬರೆಯುತ್ತದೆ? ಯಾರು ಬರೆಯುತ್ತಾರೆ, ಯಾರ್ಯಾರು ಜೊತೆಗೆ ಹೋಗುತ್ತಾರೆ?

ನಾಲ್ಕನೇ ಪ್ರಶ್ನೆಯ ಉತ್ತರವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಮುಂದಿನ ತಿಂಗಳ ಸಭೆಗೆ ಸೀಲು ಬಿದ್ದ ಪ್ರತಿಯನ್ನು ತನ್ನಿರಿ.